ಕ್ಯಾಮರಾಕ್ಕಾಗಿ ಇನ್ನೊಂದು ಪೆನಾಲ್ಟಿ

ಹಾಕಿ ಕಲಿಸುವವಳು ಸಿಟ್ಟು ಬರುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕಾಸರಗೋಡಿನಲ್ಲಿ ಅವೇ ಸ್ಟಾಫ್‌ರೂಮಿಗೆ ಬಂದು ಕುಳಿತುಕೊಳ್ಳುತ್ತವೆ. ನಾನು ಇಲ್ಲಿನ ಕಾಲೇಜೊಂದರಲ್ಲಿ ಪಿ.ಟಿ. ಟೀಚರ್. ಇವನ್ನೆಲ್ಲ ಹೇಳಿದರೆ ಜನ ನಗುತ್ತಾರೆ. ನಗಲಿ, ನನಗೆ ಮಾತ್ರ ಈಗಲೂ ಮೈ ಉರಿಯುತ್ತದೆ.

ಕೋಲು ಬೇಡ

ನಮ್ಮ ಮೈದಾನ ಬರೀ ಉಬ್ಬುತಗ್ಗಿನ ಕೆಂಪು ಮುರಕಲ್ಲು. ಹೊಡೆದ ಚೆಂಡು ಯಾರ ಮೊಣಕಾಲಿಗೆಂದು ದೇವರಿಗೇ ಗೊತ್ತು. "ಈಗಿನ ಹಾಕಿ ಕೃತಕ ಹುಲ್ಲಿನ ಟರ್ಫಿನ ಮೇಲೆ, ಮಕ್ಕಳಿಗೆ ಅದರಲ್ಲೇ ಅಭ್ಯಾಸ ಮಾಡಿಸಿ" ಎಂದು ಮೇಲಿನಿಂದ ಪತ್ರ ಬಂತು. ಪತ್ರ ಬಂತು, ಟರ್ಫ್ ಬರಲಿಲ್ಲ. ಊರಲ್ಲಿ ಬಾಡಿಗೆಗೆ ಸಿಗುವ ಫುಟ್‌ಬಾಲ್ ಟರ್ಫ್ ಒಂದಿದೆ. ಹುಡುಗಿಯರನ್ನು ಕಟ್ಟಿಕೊಂಡು ಅಲ್ಲಿಗೆ ಹೋದೆ. ಯಜಮಾನರು ಗೇಟಿನಲ್ಲೇ ತಡೆದರು.

"ಕೋಲು ಒಳಗೆ ತರ್ಲಿಕ್ಕಿಲ್ಲ ಟೀಚರೇ, ಹುಲ್ಲು ಕಿತ್ತು ಹೋಗ್ತದೆ."

"ಕೋಲಿಲ್ಲದೆ ಹಾಕಿ ಆಡುವುದು ಹೇಗೆ?"

"ಕಾಲಲ್ಲಿ ಆಡಿ. ಇಲ್ಲಿ ಎಲ್ಲರೂ ಹಾಗೇ ಆಡುವುದು."

ಸೊನ್ನೆ ನಡೆಯುವುದಿಲ್ಲ

ನಮ್ಮ ಗೋಲ್‌ಕೀಪರ್ ಪುತ್ತಿಗೆಯ ಹುಡುಗಿ. ಜೂನಿಯರ್ ಕ್ಯಾಂಪಿಗೆ ಆಯ್ಕೆಯಾಗಬೇಕೆಂಬುದೇ ಅವಳ ಜೀವ. ವಯಸ್ಸಿನ ಮಿತಿ ದಾಟಲು ಎರಡೇ ವರ್ಷ ಉಳಿದಿತ್ತು. ಮೊದಲೆಲ್ಲ ಆಯ್ಕೆಗಾರರು ಮೈದಾನದ ಬದಿಯಲ್ಲಿ ಸೀಯಾಳ ಕುಡಿಯುತ್ತಲಾದರೂ ಆಟ ನೋಡುತ್ತಿದ್ದರು. ಈಗ ಮೊದಲು ಆನ್‌ಲೈನ್ ಅರ್ಜಿ. ಅದರಲ್ಲಿ 'ಹೊಡೆದ ಗೋಲುಗಳು' ಎಂದಿತ್ತು. ಸೊನ್ನೆ ಹಾಕಿದೆ. ಅರ್ಜಿ ಮುಂದೆ ಹೋಗಲೇ ಇಲ್ಲ. ಕ್ಯಾಂಪಿನ ಆಫೀಸಿಗೆ ಫೋನ್ ಮಾಡಿದೆ.

"ಅವಳು ಗೋಲ್‌ಕೀಪರ್. ಗೋಲು ತಡೆಯುವವಳು."

ಆ ಕಡೆಯವರು ಸಮಾಧಾನ ಹೇಳಿದರು. "ಸಾರವಿಲ್ಲ, ಅದಕ್ಕೆಂತ ಟೀಚರೇ, ಒಂದು ಗೋಲು ಹೊಡೆಸಿ ಕಳಿಸಿ."

ಕಡೆಗೆ 'ಒಂದು' ಎಂದು ಸುಳ್ಳು ತುಂಬಿದೆ. ತಕ್ಷಣ ಸ್ವೀಕೃತವಾಯಿತು.

ಇನ್ನೊಮ್ಮೆ

ಅರ್ಜಿ ದಾಟಿದ ಮೇಲೆ ವಿಡಿಯೋ. ಕಾಲೇಜು ಟೂರ್ನಿಯ ಫೈನಲ್ ಯೂಟ್ಯೂಬಿನಲ್ಲಿ ನೇರಪ್ರಸಾರವಾಗುತ್ತದೆ, ಆಯ್ಕೆ ಸಮಿತಿ ಅದನ್ನೇ ನೋಡುತ್ತದೆ ಎಂದರು. ಪ್ರಸಾರಕ್ಕೆ ನಮ್ಮವರು ಹಿಡಿದು ತಂದದ್ದು ಮದುವೆ ವಿಡಿಯೋದವನನ್ನು. ಅವನ ಕಸುಬಿನ ಧರ್ಮ ಒಂದೇ, ಮುಂದಿನ ಸಾಲಿನ ದೊಡ್ಡವರು ಯಾರೂ ಬಿಟ್ಟುಹೋಗಬಾರದು. ಹಾಗಾಗಿ ಪಂದ್ಯವಿಡೀ ಪರದೆಯಲ್ಲಿ ಅತಿಥಿಗಳೇ ಬಂದರು. ಅವರು ಬೆವರೊರೆಸಿದ್ದು, ಚಹಾ ಕುಡಿದದ್ದು, ಯಾವುದೂ ತಪ್ಪಲಿಲ್ಲ.

ಒಂದು ಗೋಲಿನಿಂದ ನಾವು ಮುಂದಿದ್ದೆವು. ಕೊನೆಯ ನಿಮಿಷದಲ್ಲಿ ಎದುರಾಳಿಗಳಿಗೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು, ಹೊಡೆಯುವವಳೊಬ್ಬಳು, ತಡೆಯುವವಳೊಬ್ಬಳು. ನಮ್ಮ ಹುಡುಗಿ ಎಡಕ್ಕೆ ಹಾರಿ, ಅಂಗೈಯಗಲದ ಜಾಗದಲ್ಲಿ ಚೆಂಡನ್ನು ತಡೆದಳು. ಅಂಥ ತಡೆಯನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ಸೀಟಿ ಊದಿದರು, ಗೆದ್ದೆವು. ತಿರುಗಿ ನೋಡಿದರೆ, ತಡವಾಗಿ ಬಂದ ಮುಖ್ಯ ಅತಿಥಿಗೆ ಶಾಲು ಹೊದೆಸುತ್ತಿದ್ದರು. ಕ್ಯಾಮರಾ ಅಲ್ಲಿತ್ತು.

"ಎಂತ ಮಾಡಿದೆ ಮಾರಾಯಾ ನೀನು!" ಎಂದು ಕಿರುಚಿದೆ.

"ಬೊಬ್ಬೆ ಹಾಕ್ಬೇಡಿ ಟೀಚರೇ. ಇನ್ನೊಮ್ಮೆ ಹೊಡೆಸಿ. ನಾವು ತಾಳಿಯನ್ನೇ ಎರಡೆರಡು ಸಲ ಕಟ್ಟಿಸ್ತೇವೆ, ಇದೆಂತ?"

ಆಯ್ಕೆಗಾರರು ನೋಡುವುದು ಇದನ್ನೇ ಅಲ್ಲವೇ ಎಂದು ಒಪ್ಪಿದವಳು ನಾನೇ. ಅದಕ್ಕೇ ನನ್ನ ಮೇಲೂ ನನಗೆ ಸಿಟ್ಟು. ನಮ್ಮ ಹುಡುಗಿ ಆಗಲೇ ಗ್ಲೌಸು ಬಿಚ್ಚಿ ಗೆಳತಿಯರ ಜೊತೆ ನಗುತ್ತಿದ್ದಳು. ತೋರಿಕೆಗೆ ತಾನೇ ಎಂದು ಹಾಗೇ ಬಂದು ನಿಂತಳು. ಸ್ಟ್ರೋಕ್ ಹೊಡೆದಿದ್ದ ಎದುರು ತಂಡದ ಹುಡುಗಿ ಮಾತ್ರ ಅಳುತ್ತಿದ್ದವಳು ಕಣ್ಣೊರೆಸಿಕೊಂಡು, ಇದ್ದ ಹೊಟ್ಟೆಕಿಚ್ಚನ್ನೆಲ್ಲ ಸೇರಿಸಿ ಬಾರಿಸಿದಳು. ಚೆಂಡು ಬಲೆಯೊಳಗೆ. ಆ ಮಹಾನುಭಾವ ಅದನ್ನು ಚೆಂದಕ್ಕೆ ನೇರಪ್ರಸಾರ ಮಾಡಿ, ಆಮೇಲೆ ನಿಧಾನಗತಿಯಲ್ಲಿ ಮೂರು ಸಲ ತೋರಿಸಿದ, ಹಿಂದೆ ನಾಗಸ್ವರ ಬೇರೆ.

ಆಯ್ಕೆಪಟ್ಟಿ ಬಂತು. ನಮ್ಮವಳಿಲ್ಲ. ಗೋಲು ಹೊಡೆದವಳಿದ್ದಾಳೆ. ಸಮಿತಿಗೆ ಫೋನ್ ಮಾಡಿ ಜಗಳ ತೆಗೆದೆ.

"ಆ ಸ್ಟ್ರೋಕ್ ಬಿಟ್ಟವಳಲ್ಲವಾ?"

"ಆದರೆ ಪಂದ್ಯ ಗೆದ್ದದ್ದು ನಾವು!"

"ಸ್ಕೋರು ನಾವು ನೋಡುವುದಿಲ್ಲ ಟೀಚರೇ. ವಿಡಿಯೋ ಮಾತ್ರ."

ಹುಡುಗಿಗೆ ಯಾವ ಮುಖದಲ್ಲಿ ಹೇಳುವುದು? ಮೈದಾನಕ್ಕೆ ಹೋಗಿ ಹೇಳಿದೆ. ಅವಳು ಅಳಲಿಲ್ಲ. ಪ್ಯಾಡು ಬಿಗಿಯುತ್ತಾ ಅಂದಳು:

"ಇನ್ನೊಂದು ವರ್ಷ ಉಂಟಲ್ಲ ಟೀಚರೇ. ಮುಂದಿನ ಸಲ ಮೊದಲನೆಯದನ್ನು ಬಿಡ್ತೇನೆ, ಎರಡನೆಯದನ್ನು ಹಿಡೀತೇನೆ."