ಗೋಡೆಯ ಸ್ಟಾರು ಯಾರ ಪಾಲು

ಇಸ್ಕೂಲು ಫೋನಿನೊಳಕ್ಕೆ ಬಂದ ಮೇಲೆ ನಮ್ಮನೇಲಿ ನಗುವಿಗೆ ಬರ ಇಲ್ಲ ಕಣ್ರಪ್ಪ.

ದಾಸರಹಳ್ಳೀಲಿ ನಮ್ಮ ಮನೆ. ಮಗ ಪೀಣ್ಯದ ಫ್ಯಾಕ್ಟರಿಗೆ, ಸೊಸೆ ಗಾರ್ಮೆಂಟ್ಸಿಗೆ. ಇಬ್ಬರೂ ಒಳಗೆ ಫೋನ್ ಒಯ್ಯೋ ಹಾಗಿಲ್ಲ. ಹಾಗಾಗಿ ಎರಡನೇ ಕ್ಲಾಸಿನ ಮೊಮ್ಮಗಳ ವಾಟ್ಸಾಪ್ ಗ್ರೂಪಿಗೆ ಅಕ್ಷರ ಗೊತ್ತಿಲ್ಲದ ನಾನೇ ಪೋಷಕಿ. ಮಿಸ್ಸು ಕಳಿಸಿದ್ದನ್ನು ಸಂಜೆ ಅವಳು ಓದಬೇಕು, ನಾನು ಕೇಳಬೇಕು. ಪೋಷಕರು ಪಾಠಕ್ಕೆ ಸಹಾಯ ಮಾಡಿದರೆ ಕ್ಲಾಸಿನ ಗೋಡೇಲಿ ಮಗುವಿಗೊಂದು ಸ್ಟಾರು ಅಂಟಿಸ್ತಾರಂತೆ.

"ಎಲ್ಲರಿಗೂ ಐತೆ ಅಜ್ಜಿ, ನಂಗೊಂದೂ ಇಲ್ಲ" ಅಂತ ಅತ್ತಳು. ಒಂದಾದರೂ ಗಿಟ್ಟಿಸಲೇಬೇಕು ಅಂತ ಸೆರಗು ಸಿಗಿಸಿದೆ.

ಹೆಬ್ಬೆಟ್ಟು

ಮಿಸ್ಸು ಏನು ಕಳಿಸಿದರೂ ಎಲ್ಲ ಅಪ್ಪ-ಅಮ್ಮಂದಿರೂ ಒಂದು ಹೆಬ್ಬೆಟ್ಟಿನ ಚಿತ್ರ ಒತ್ತುತ್ತಾರೆ. ಇದು ನಂಗೂ ಬರುತ್ತೆ! ಒಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಒತ್ತಿದೆ. ಹಿಂದೇನೇ ಇಪ್ಪತ್ತು ಹೆಬ್ಬೆಟ್ಟು ಬಿದ್ದವು. ಸಂಜೆ ಮೊಮ್ಮಗಳು ಓದಿದಳು: "ಹೆಡ್‌ಮಿಸ್ ಅವರ ಅತ್ತೆ ತೀರಿಕೊಂಡರು."

ನಂಗೆ ಓದಕ್ಕೆ ಬರಲ್ಲ, ಸರಿ. ನನ್ನ ಹಿಂದೆ ಒತ್ತಿದ ಆ ಇಂಜಿನಿಯರು ಅಪ್ಪ-ಅಮ್ಮಂದಿರಿಗೆ ಏನಾಗಿತ್ತು?

ಮಗ್ಗಿ

ಮಗು ಮಗ್ಗಿ ಹೇಳೋ ವಿಡಿಯೋ ಕೇಳಿದರು. ಹಿಡಿದೆ, ಗ್ರೂಪಿಗೆ ಕಳಿಸಿದೆ. ಮಿಸ್ಸು ಫೋನ್ ಮಾಡಿದರು.

"ಅಜ್ಜಿ, ಮೂರು ನಿಮಿಷವೂ ನೀವು ಎಲೆಅಡಿಕೆ ಅಗಿಯೋದೇ ಕಾಣ್ತಿದೆ. ಮಗು ಎಲ್ಲಿ?"

"ನನ್ನೆದುರಿಗೇ ನಿಂತವ್ಳಲ್ಲ ಮೇಡಂ, ದನಿ ಕೇಳಲ್ವಾ?"

ಸ್ಟಾರು ಬರಲಿಲ್ಲ. ಗ್ರೂಪಿನಲ್ಲಿ ಒಬ್ಬ ತಾಯಿ ಮಾತ್ರ ಕೇಳಿದ್ದರು: "ಅಜ್ಜಿ, ಆ ಮೂಗುತಿ ಎಲ್ಲಿ ಮಾಡಿಸಿದ್ರಿ?"

ಮನೆ

ಆಮೇಲೆ ಮಕ್ಕಳು ಮನೆಯ ಮಾದರಿ ಮಾಡಬೇಕು ಅಂತ ಬಂತು. ಗ್ರೂಪಿನಲ್ಲಿ ದಿನಾ ಫೋಟೋ: ಒಬ್ಬರದಕ್ಕೆ ಲಿಫ್ಟು, ಇನ್ನೊಬ್ಬರದಕ್ಕೆ ಉರಿಯೋ ಬಲ್ಬು. ನಮ್ಮವಳು ಹಿತ್ತಲ ಕೆಮ್ಮಣ್ಣು ಕಲಸಿ ಸೊಟ್ಟ ಗೋಡೆ ಎಬ್ಬಿಸಿದಳು. ನಾನು ಪಕ್ಕದಲ್ಲಿ ಅವರೆಕಾಯಿ ಸುಲಿದೆ.

ಪ್ರದರ್ಶನದ ದಿನ ಹೆಡ್‌ಮಿಸ್ಸು ಲಿಫ್ಟಿನ ಮನೆಯ ಹುಡುಗನಿಗೆ, "ಇದು ಹೇಗೆ ಓಡುತ್ತಪ್ಪ?" ಅಂದರು.

"ಅಪ್ಪನ್ನ ಕೇಳಿ ಮಿಸ್. ನಂಗೆ ಮುಟ್ಟಬೇಡ ಅಂದವ್ರೆ."

ಅಪ್ಪ ಮುಂದೆ ಬಂದು ಆಫೀಸಿನ ಮೀಟಿಂಗಿನ ಥರ ಕಾಲು ಗಂಟೆ ವಿವರಿಸಿದರು. ಆಮೇಲೆ ನಮ್ಮ ಸರದಿ.

"ಅಜ್ಜಿ ಏನು ಸಹಾಯ ಮಾಡಿದ್ರಮ್ಮ?"

"ಏನೂ ಇಲ್ಲ ಮಿಸ್. ಗ್ರೂಪಲ್ಲಿ ಬಂದಿದ್ದನ್ನೆಲ್ಲ ನಾನೇ ಅಜ್ಜಿಗೆ ಓದಿ ಹೇಳ್ತೀನಿ. ಅರ್ಥ ಆಗದಿದ್ರೆ ಎರಡು ಸಲ ಹೇಳ್ತೀನಿ."

ಹೆಡ್‌ಮಿಸ್ಸು ನಕ್ಕು, ಹಾಳೆಯಿಂದ ಒಂದು ಸ್ಟಾರು ಕಿತ್ತು ಅವಳ ಕೈಗಿಟ್ಟರು. ಗೋಡೆ ಕಡೆ ಓಡ್ತಾಳೆ ಅಂದ್ಕೊಂಡೆ. ಸೀದಾ ಬಂದು ನನ್ನ ಹಣೆಗೆ ಅಂಟಿಸಿಬಿಟ್ಟಳು.

"ಯಾಕೆ ಮಗಾ, ಇದಕ್ಕೇ ತಾನೇ ಅತ್ತಿದ್ದು?"

"ಸಹಾಯ ಮಾಡೋರು ಪೋಷಕರು, ಸ್ಟಾರು ಮಗೀಗೆ. ಸುಮ್ನೆ ಕೂತ್ಕೊ ಅಜ್ಜಿ, ಕಿತ್ಕೊಬೇಡ!"