ಎಸ್ ಸರ್ ಮತ್ತು ಶೈಕ್ಷಣಿಕ ಬದಲಾವಣೆ

ಬದಲಾವಣೆಯ ಬಗ್ಗೆ ಬರೆಯುವುದು ಸುಲಭ, ಬದಲಾಗುವುದಷ್ಟೇ ತ್ರಾಸು. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಶಿರಹಟ್ಟಿ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಕನ್ನಡ ಮಾಸ್ತರ. ಬೆಟಗೇರಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ಆ ಬಸ್ಸಿನಲ್ಲಿ ಕೂತು, ಕೆಲವು ಸಲ ನಿಂತು, 'ಶೈಕ್ಷಣಿಕ ಬದಲಾವಣೆಯಲ್ಲಿ ಶಿಕ್ಷಕರ ಮುಂದಾಳತ್ವ' ಎಂಬ ಒಂದೇ ವಿಷಯದ ಮೇಲೆ ಎಷ್ಟು ಲೇಖನ ಬರೆದಿದ್ದೇನೆಂಬುದು ನನಗೇ ನೆನಪಿಲ್ಲ. ನಮ್ಮ ಕಡೆ ಎಲ್ಲಿ ವಿಚಾರ ಸಂಕಿರಣ ನಡೆದರೂ ಮಧ್ಯಾಹ್ನ ಊಟವಾದ ಮೇಲಿನ ಗೋಷ್ಠಿ ನನಗೇ ಮೀಸಲು. ಗೋದಿ ಹುಗ್ಗಿ ಉಂಡ ಸಭೆ ಕುರ್ಚಿಗಳಲ್ಲಿ ಮೆಲ್ಲಗೆ ತೂಕಡಿಸುವಾಗ ನಾನು 'ಶಿಕ್ಷಕ ಸಮುದಾಯ ಎಚ್ಚೆತ್ತುಕೊಳ್ಳಬೇಕಾದ ಕಾಲ ಬಂದಿದೆ' ಎಂದು ಓದುತ್ತೇನೆ. ಕೊನೆಯ ಚಪ್ಪಾಳೆಗೆ ಎಲ್ಲರೂ ಎಚ್ಚರಾಗುತ್ತಾರೆ. ಅಷ್ಟರ ಮಟ್ಟಿಗೆ ನನ್ನ ಬರವಣಿಗೆ ಪರಿಣಾಮಕಾರಿ ಎಂದೇ ಹೇಳಬೇಕು.

ಆದರೆ ಮನೆಯಲ್ಲಿ ನನ್ನ ಹೆಸರು ಬೇರೆ ರೀತಿಯಲ್ಲಿ ಪ್ರಸಿದ್ಧ. ಹೋದ ವರ್ಷ ನನ್ನ ಹೆಂಡತಿ ಶಕುಂತಲಾ ಅಡುಗೆಮನೆಯನ್ನು ಹೊಸದಾಗಿ ಹೊಂದಿಸಿದಳು. ಸಕ್ಕರೆ ಡಬ್ಬಿ ಇದ್ದಲ್ಲಿ ರವೆ ಡಬ್ಬಿ ಬಂತು. ಮೊದಲ ದಿನ ಚಹಾಕ್ಕೆ ರವೆ ಹಾಕಿಕೊಂಡೆ. ಎರಡನೆಯ ದಿನವೂ ಹಾಕಿಕೊಂಡೆ. ಮೂರನೆಯ ದಿನ ಸಿಟ್ಟಿನಿಂದ ಚಹಾ ಕುಡಿಯುವುದನ್ನೇ ಬಿಟ್ಟು ಕೂತೆ. "ಡಬ್ಬಿ ಮ್ಯಾಲೆ ಹೆಸರ ಬರದ ಅಂಟಿಸೇನ್ರಿ, ಕನ್ನಡ ಮಾಸ್ತರಲಾ ನೀವು, ಓದಾಕ ಬರೂದಿಲ್ಲೇನು?" ಎಂದಳು. ಇದು ಓದುವ ವಿಷಯವಲ್ಲ, ತತ್ವದ ವಿಷಯ ಎಂದೆ. ಆ ಸಂಜೆಯೇ 'ಬದಲಾವಣೆಗೆ ಎದುರಾಗುವ ಪ್ರತಿರೋಧದ ಮೂಲಗಳು' ಎಂಬ ಲೇಖನ ಒಂದೇ ಬೈಠಕ್ಕಿನಲ್ಲಿ ಮುಗಿಯಿತು. ಅದರಲ್ಲಿ ಹಳೆಯ ಜಾಡು ಬಿಡದ ಶಿಕ್ಷಕರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದೆ.

ಇಂಥ ನನಗೆ ಒಂದು ದಿನ ಫೋನು ಬಂತು. ಶಿಕ್ಷಕರ ಮುಂದಾಳತ್ವದ ಬಗ್ಗೆ ಒಂದು ಪುಸ್ತಕ ತರುತ್ತಿದ್ದ ಸಂಪಾದಕರು ಮಾಡಿದ ಫೋನು. ಗಟ್ಟಿ ರಟ್ಟಿನ, ಗ್ರಂಥಾಲಯದ ಕಪಾಟಿನಲ್ಲಿ ನೆಟ್ಟಗೆ ನಿಲ್ಲುವಂಥ ಪುಸ್ತಕ. ಇಲ್ಲಿಯವರೆಗೆ ನನ್ನ ಲೇಖನಗಳೆಲ್ಲ ಬಂದದ್ದು ಪಿನ್ನು ಹೊಡೆದ ಸ್ಮರಣ ಸಂಚಿಕೆಗಳಲ್ಲಿ, ಒಂದು ಕಡೆ ಅಭಿನಂದನೆಯ ಜಾಹೀರಾತು, ಇನ್ನೊಂದು ಕಡೆ ಪೈಪಿನ ಅಂಗಡಿಯ ಜಾಹೀರಾತು, ನಡುವೆ ನಾನು. ರಟ್ಟಿನ ಪುಸ್ತಕದಲ್ಲಿ ಒಮ್ಮೆ ನನ್ನ ಹೆಸರು ಬರಬೇಕು ಎಂಬ ಆಸೆ ಎಷ್ಟು ವರ್ಷದ್ದೋ. ಅವರಿಗೆ ಲೇಖನ ಕಳಿಸಿದ ದಿನವೇ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಯೂ ಆಗಿತ್ತು, ಪೇಢೆಯೂ ಹಂಚಿಯಾಗಿತ್ತು. ಸಂಪಾದಕರು ಬಹಳ ಮರ್ಯಾದೆಯಿಂದ, "ಸರ್, ಲೇಖನ ಚೆನ್ನಾಗಿದೆ. ಆದರೆ ಬೇರೆಯವರು ಹೇಳಿದ್ದೇ ಹೆಚ್ಚಾಯಿತು. ನಿಮ್ಮ ತರಗತಿಯಲ್ಲಿ ನೀವೇ ತಂದ ಒಂದು ಬದಲಾವಣೆಯನ್ನು ಸೇರಿಸಿಕೊಡಿ. ಇಲ್ಲದಿದ್ದರೆ ಈ ಸಂಪುಟಕ್ಕೆ ಹೊಂದುವುದಿಲ್ಲ" ಎಂದರು. ಒಂದೇ ಒಂದು ಸಾಕಂತೆ. ಫೋನಿಟ್ಟು ಯೋಚಿಸುತ್ತ ಕೂತೆ. ಇಷ್ಟು ವರ್ಷದ ನೌಕರಿಯಲ್ಲಿ ನಾನು ತರಗತಿಯಲ್ಲಿ ತಂದ ಬದಲಾವಣೆ ಎಂದರೆ ಬಿಳಿ ಚಾಕ್‌ಪೀಸ್ ಬಿಟ್ಟು ಹಳದಿ ಹಿಡಿದದ್ದು. ಅದೂ ಬಿಳಿ ಖಾಲಿಯಾಗಿತ್ತೆಂದು.

ಹಾಗಾಗಿ ಹೊಸದೊಂದು ಬದಲಾವಣೆಯನ್ನು ಜಲ್ದಿ ತರಬೇಕಾಯಿತು. ಮಕ್ಕಳನ್ನು ಸಾಲು ಬಿಡಿಸಿ ದುಂಡಗೆ ಕೂಡಿಸಬೇಕು ಎಂದು ಎಲ್ಲ ವಿದ್ವಾಂಸರೂ ಬರೆದಿದ್ದಾರೆ, ನಾನೂ ಬರೆದಿದ್ದೇನೆ. ಒಂಬತ್ತನೆಯ ಇಯತ್ತೆಯ ಬೆಂಚುಗಳನ್ನು ದುಂಡಗೆ ಜೋಡಿಸಿದೆವು. ಮಕ್ಕಳೆಲ್ಲ ಕೂತ ಮೇಲೆ ನೋಡಿದರೆ ಬಾಗಿಲಿಗೆ ಬೆಂಚು ಅಡ್ಡ ಬಂದು ಯಾರೂ ಹೊರಗೆ ಹೋಗುವಂತಿರಲಿಲ್ಲ, ಎಲ್ಲಕ್ಕಿಂತ ಮೊದಲು ನಾನು ಒಳಗೆ ಬರುವಂತಿರಲಿಲ್ಲ. ಕಿಟಕಿಯ ಹೊರಗೆ ನಿಂತು ಒಂದು ಪದ್ಯ ಓದಿಸಿ, ಮರುದಿನ ಸಾಲಿಗೇ ತಂದೆ. ಗಣಿತದ ಅಂಗಡಿ ಸರ್ ಅವರನ್ನು ಸಲಹೆ ಕೇಳಿದೆ. ಅವರು ನನಗಿಂತ ಹಿರಿಯರು, ಉತ್ತರ ಸರಿ ಬರುವವರೆಗೆ ನಗದಂಥವರು. "ನೀವು ಗಂಟಿ ಹೊಡದ ಕೂಡ್ಲೆ ಕ್ಲಾಸಿಗೆ ಹೋಗ್ರಿ, ಗಂಟಿ ಹೊಡದ ಕೂಡ್ಲೆ ಹೊರಗ ಬರ್ರಿ. ಇದಕ್ಕಿಂತ ದೊಡ್ಡ ಬದಲಾವಣಿ ಈ ಶಾಲಿಯೊಳಗ ಆಗಾಕ ಸಾಧ್ಯ ಇಲ್ಲ" ಎಂದರು. ಇದನ್ನು ಲೇಖನದಲ್ಲಿ ಹಾಕುವುದು ಹೇಗೆ?

ಉಪಾಯ ಸಿಕ್ಕಿದ್ದು ಮನೆಯಲ್ಲಿ, ರೊಟ್ಟಿ ತಟ್ಟುವ ಹೆಂಡತಿಯ ಪಕ್ಕ ಕೂತು ಗೋಳು ತೋಡಿಕೊಳ್ಳುವಾಗ. ಶಕುಂತಲಾ ಬೆಟಗೇರಿಯ ನೇಕಾರರ ಮನೆಯ ಮಗಳು. "ನನಗ ಶಾಲ್ಯಾಗ ಬ್ಯಾಸರ ಬರ್ತಿದ್ದದ್ದಂದ್ರ ಹಾಜರಿ ಹೇಳೂದು" ಎಂದಳು. "ದಿನಾ ಮುಂಜಾನಿ ಎದ್ದ ನಿಂತು ಎಸ್ ಸರ್, ಕೂತು ಮುಗೀತು. ನಮ್ಮಪ್ಪನ ಮಗ್ಗದ ಸಪ್ಪಳಾನೂ ದಿನಾ ಒಂದ ನಮೂನಿ ಇರ್ತಿತ್ತು ಖರೆ, ಆದ್ರ ಅದರಾಗ ಸಂಜೀಮಟ ಒಂದ ಗೇಣರ ಸೀರಿ ಬರ್ತಿತ್ತು. ಈ ಎಸ್ ಸರ್‌ನ್ಯಾಗ ಏನ್ ಬಂತು?" ನಾನು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟು ಎದ್ದೇಬಿಟ್ಟೆ. ನನ್ನ ಲೇಖನದಲ್ಲಿ ಈ ಘಟನೆ 'ದೀರ್ಘಕಾಲದ ಚಿಂತನ ಮಂಥನದ ಫಲವಾಗಿ' ಎಂದು ದಾಖಲಾಗಿದೆ.

ಮರುದಿನ ತರಗತಿಯಲ್ಲಿ ಹೊಸ ಪದ್ಧತಿ ಸಾರಿದೆ. ಹೆಸರು ಕರೆದಾಗ ಎಸ್ ಸರ್ ಅನ್ನುವ ಹಾಗಿಲ್ಲ. ಅದರ ಬದಲು ಒಂದು ಶಬ್ದ ಹೇಳಬೇಕು. ಪಠ್ಯಪುಸ್ತಕದಲ್ಲಿ ಇಲ್ಲದ್ದು, ಮನೆಯಲ್ಲೋ ಹೊಲದಲ್ಲೋ ಕೇಳಿದ್ದು, ಇನ್ನೊಬ್ಬರು ಹೇಳದೆ ಇದ್ದದ್ದು. ಅರ್ಥ ಕೇಳಿದರೆ ಹೇಳಬೇಕು. ಮೊದಲೆರಡು ದಿನ ಅಕ್ಕಿ, ಬ್ಯಾಳಿ, ಬೆಲ್ಲ ಎಂದು ಕಿರಾಣಿ ಅಂಗಡಿಯ ಚೀಟಿ ಓದಿದ ಹಾಗಾಯಿತು. ಆಮೇಲೆ ಭಾಗ್ಯಾ ಎಂಬ ಹುಡುಗಿ ಎದ್ದು "ಹಗೇವು" ಎಂದಳು. ಹಾಗೆಂದರೇನು ಎಂದು ಕೇಳಿದರೆ, ಹಿಂದೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ, ತಮ್ಮ ಮನೆಯ ಪಡಸಾಲೆಯ ಕೆಳಗೆ ಈಗಲೂ ಇದೆ, ಅದರ ಮೇಲೆ ಟೀವಿ ಇಟ್ಟಿದ್ದೇವೆ ಎಂದಳು. ತರಗತಿಗೆ ತರಗತಿಯೇ ಅವಳ ಕಡೆ ತಿರುಗಿತು. ಅಲ್ಲಿಂದ ಶುರುವಾಯಿತು ನೋಡಿ. ಬಿತ್ತುವ ಕೂರಿಗೆ ಬಂತು, ನೊಗಕ್ಕೆ ಬಿಗಿಯುವ ಮಿಣಿ ಬಂತು, ರೊಟ್ಟಿಗೆ ಹಚ್ಚಿಕೊಳ್ಳುವ ಖಾರದ ಕರಿಂಡಿ ಬಂತು. ಕರಿಂಡಿ ಹೇಳಿದವನು ಅರ್ಥದ ಬದಲು ಒಂದು ಡಬ್ಬಿ ತುಂಬ ಕರಿಂಡಿಯನ್ನೇ ತಂದ. ಆ ದಿನದ ಹಾಜರಿ ರೊಟ್ಟಿಯೊಂದಿಗೆ ಮುಕ್ತಾಯವಾಯಿತು.

ಮುತ್ತು ಎಂಬ ಒಬ್ಬನಿದ್ದ. ವಾರದಲ್ಲಿ ಎರಡು ದಿನ ಬಂದರೆ ಹೆಚ್ಚು. ಅವನೂ ದಿನಾ ಬರತೊಡಗಿದ. ಏನಪ್ಪಾ ಪವಾಡ ಎಂದು ಕೇಳಿದರೆ, "ನಾ ಬರದಿದ್ರ ನನ್ನ ಶಬ್ದ ಮತ್ಯಾರರ ಹೇಳಿಬಿಡ್ತಾರ್ರಿ ಸರ" ಎಂದ. ಒಂದು ಮುಂಜಾನೆ ಬಸ್ಸಿಳಿದಾಗ ಒಬ್ಬ ಅಜ್ಜಿ ನನ್ನನ್ನು ತಡೆದು ನಿಲ್ಲಿಸಿದಳು. "ನೀವ ಏನ್ರಿ ಆ ಮಾಸ್ತರ? ಮಮ್ಮಗಳು ನಸಿಕಿನ್ಯಾಗ ಎಬಿಸಿ ಶಬ್ದ ಹೇಳು ಶಬ್ದ ಹೇಳು ಅಂತ ಗಂಟ ಬಿದ್ದಾಳ. ನನ್ನ ಹಂತ್ಯಾಕ ಇದ್ದದ್ದೆಲ್ಲಾ ಖಾಲಿ ಆತು. ಇನ್ನ ಬೈಗಳಷ್ಟ ಉಳದಾವು, ಅವನ್ನ ಕಳಸ್ಲೇನು?" ನಾನು ಸದ್ಯಕ್ಕೆ ಬೇಡ ಎಂದು ಕೈಮುಗಿದೆ. ಇನ್ನೊಂದು ದಿನ ಭಾಗ್ಯಾಳ ಹೆಸರು ಕರೆದಾಗ ಪಕ್ಕದ ಹುಡುಗಿ ಎದ್ದು, "ಭಾಗ್ಯಾಗ ಜ್ವರ ಬಂದಾವ್ರಿ ಸರ. ಆಕಿ ಶಬ್ದ ಕಳಿಸ್ಯಾಳ" ಎಂದಳು. ಹುಡುಗಿ ಇಲ್ಲ, ಅವಳ ಶಬ್ದ ಇದೆ. ಹಾಜರಿ ಹಾಕಬೇಕೋ ಗೈರುಹಾಜರಿ ಹಾಕಬೇಕೋ? ಸಮಸ್ಯೆಯನ್ನು ಹೆಡ್‌ಮಾಸ್ತರರವರೆಗೆ ಒಯ್ದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಈ ಬಗ್ಗೆ ಸುತ್ತೋಲೆ ಬಂದಿಲ್ಲ ಎಂದರು.

ಇಷ್ಟೆಲ್ಲ ಆಗುವಾಗ ನನ್ನ ತಾಸು ಮುಗಿದು ಅಂಗಡಿ ಸರ್ ಅವರ ತಾಸು ಶುರುವಾಗಿರುತ್ತಿತ್ತು. ಅವರು ಕಂಪಾಸ್ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು. "ಪಾಠ ಯಾವಾಗ ಮಾಡ್ತೀರಿ?" ಎಂದು ಒಮ್ಮೆ ಕೇಳಿದರು. ಇದೇ ಪಾಠ ಎಂದೆ. ಹಾಗೆ ಹೇಳುವಾಗ ನನ್ನ ಎದೆ ನಿಜಕ್ಕೂ ಉಬ್ಬಿತ್ತು. ಸುಳ್ಳು ಯಾಕೆ ಹೇಳಲಿ, ಆ ದಿನಗಳಲ್ಲಿ ನನಗೆ ಬಹಳ ಖುಷಿಯಾಗುತ್ತಿತ್ತು. ಬಸ್ಸಿನಲ್ಲಿ ಏನೂ ಬರೆಯುತ್ತಿರಲಿಲ್ಲ. ಇವತ್ತು ಯಾರು ಏನು ತರುತ್ತಾರೋ ಎಂದು ಕಿಟಕಿಯಾಚೆ ನೋಡುತ್ತ ಕೂತುಬಿಡುತ್ತಿದ್ದೆ.

ಏನೂ ಬರೆಯುತ್ತಿರಲಿಲ್ಲ ಎಂಬುದೇ ತೊಂದರೆಯಾಯಿತು. ಸಂಪಾದಕರು ಮತ್ತೆ ಫೋನು ಮಾಡಿದರು. ಉದಾಹರಣೆ ಸಿಕ್ಕಿದೆ, ಬಹಳ ದೊಡ್ಡ ಉದಾಹರಣೆ ಎಂದೆ. ಹಾಗಾದರೆ ಈ ವಾರದಲ್ಲಿ ಕಳಿಸಿಬಿಡಿ, ಪುಸ್ತಕ ಅಚ್ಚಿಗೆ ಹೋಗುತ್ತಿದೆ ಎಂದರು. ಮನೆಯಲ್ಲಿ ಬರೆಯೋಣವೆಂದರೆ ನೆಂಟರು ಬಂದಿದ್ದರು. ಬಸ್ಸಿನಲ್ಲಿ ಆ ವಾರ ನಿಲ್ಲಲಿಕ್ಕೂ ಜಾಗವಿರಲಿಲ್ಲ. ಉಳಿದದ್ದು ಶಾಲೆಯ ಮೊದಲ ತಾಸು. ತರಗತಿಗೆ ಹೋಗಿ ಮಕ್ಕಳಿಗೆ ಹೇಳಿದೆ, "ನೋಡ್ರಿಪಾ, ನಾಕ ದಿನ ನನಗ ಮಹತ್ವದ ಕೆಲಸ ಐತಿ. ಅಲ್ಲೀತನಕ ಬರೇ ಎಸ್ ಸರ್ ಅನ್ರಿ. ಹಾಜರಿ ಜಲ್ದಿ ಮುಗಸೂಣು." ಭಾಗ್ಯಾ ಏನೋ ಹೇಳಲು ಬಾಯಿ ತೆರೆದಳು. ನಾಳೆ ಹೇಳುವಿಯಂತೆ ಕೂಡು ಎಂದೆ. ಹಾಜರಿ ಚಿಟಿಕೆ ಹೊಡೆಯುವುದರೊಳಗೆ ಮುಗಿಯಿತು. ನಾನು ಕುರ್ಚಿಯಲ್ಲಿ ಕೂತು ಬರೆಯತೊಡಗಿದೆ: 'ಈ ಸಾಲುಗಳನ್ನು ಬರೆಯುತ್ತಿರುವ ಹೊತ್ತಿನಲ್ಲೂ ನನ್ನ ತರಗತಿ ಮಕ್ಕಳ ಮಾತಿನಿಂದ ತುಂಬಿ ತುಳುಕುತ್ತಿದೆ.' ಹಿಂದಿನ ಬೆಂಚಿನಲ್ಲಿ ಯಾರೋ ಪಿಸುಗುಟ್ಟಿದರು. ನಾನು ತಲೆಯೆತ್ತದೆ, "ಏ, ಸಪ್ಪಳ ಮಾಡಬ್ಯಾಡ್ರಿ, ಬರಿಯಾಕ ಬಿಡ್ರಿ" ಎಂದೆ.

ನಾಲ್ಕು ದಿನ ಎಂದದ್ದು ಹಾಗೇ ಎಳೆಯಿತು. ಲೇಖನ ಹೋದ ಮೇಲೆ ಸಾರಾಂಶ ಬೇಕು ಎಂದರು, ಸಾರಾಂಶ ಹೋದ ಮೇಲೆ ಲೇಖಕರ ಪರಿಚಯ ಬೇಕು ಎಂದರು. ಪರಿಚಯ ಬರೆಯಲು ಲೇಖನಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಆಮೇಲೆ ಕರಡು ತಿದ್ದುವುದು. ಅದರಲ್ಲಿ 'ಗೈರುಹಾಜರಿ ಗಣನೀಯವಾಗಿ ಇಳಿಮುಖವಾಗಿದೆ' ಎಂಬ ವಾಕ್ಯದಲ್ಲಿ ಒಂದು ದೀರ್ಘ ಬಿಟ್ಟಿತ್ತು, ಅದನ್ನು ಕಾಳಜಿಯಿಂದ ಸರಿಪಡಿಸಿದೆ. ಸರಿಪಡಿಸುವಾಗ ಮುತ್ತುವಿನ ಜಾಗ ಖಾಲಿಯಿತ್ತು. ಅಂಗಡಿ ಸರ್ ಮಾತ್ರ ಸ್ಟಾಫ್ ರೂಮಿನಲ್ಲಿ ನನಗೆ ತಾವಾಗಿಯೇ ಚಹಾ ತರಿಸಿಕೊಟ್ಟರು. "ಈಗೀಗ ನೀವು ಭಾಳ ಸುಧಾರಿಸೀರಿ ನೋಡ್ರಿ" ಎಂದರು.

ಕೊನೆಗೂ ಪುಸ್ತಕ ಬಂತು. ಗಟ್ಟಿ ರಟ್ಟು, ನೆಟ್ಟಗೆ ನಿಲ್ಲುತ್ತದೆ. ಮನೆಯ ಶೋಕೇಸಿನಲ್ಲಿ ನಿಲ್ಲಿಸಿ ದೂರದಿಂದಲೂ ಹತ್ತಿರದಿಂದಲೂ ನೋಡಿದೆ. ಶಕುಂತಲಾ ನನ್ನ ಲೇಖನವನ್ನು ಮೊದಲಿಂದ ಕೊನೆಯತನಕ ಓದಿದಳು. ಓದಿ, "ದೀರ್ಘಕಾಲದ ಚಿಂತನ ಮಂಥನ ಅಂದ್ರ ನಾನ ಏನ್ರಿ?" ಎಂದು ಕೇಳಿದಳು. ಶಾಸ್ತ್ರೀಯ ಲೇಖನಗಳಲ್ಲಿ ಹಾಗೆಲ್ಲ ಹೆಂಡತಿಯ ಹೆಸರು ಹಾಕುವ ಪದ್ಧತಿ ಇಲ್ಲ ಎಂದೆ. "ಪದ್ಧತಿ ಬದಲಾಸ್ರಿ, ಅದರ ಮ್ಯಾಲೇ ಬರದೀರಲ್ಲಾ" ಎಂದು ಪುಸ್ತಕ ಮುಚ್ಚಿದಳು.

ಮರುದಿನ ಅದನ್ನು ಶಾಲೆಗೆ ಒಯ್ದೆ. ನಿಮ್ಮ ಬಗ್ಗೆಯೇ ಬಂದಿದೆ ಎಂದು ಮೊದಲೇ ಹೇಳದೆ, ಅವರೇ ಗುರುತಿಸಿ ಕುಣಿದಾಡಲಿ ಎಂಬ ಆಸೆಯಿಂದ ಗಟ್ಟಿಯಾಗಿ ಓದಿದೆ. 'ಅಲ್ಲಿ ಪ್ರತಿ ಮುಂಜಾನೆ ಹೊಸ ಶಬ್ದಗಳಿಂದ ಆರಂಭವಾಗುತ್ತದೆ. ಅಲ್ಲಿ ಶಿಕ್ಷಕ ಮೇಲಿನಿಂದ ಆಜ್ಞಾಪಿಸುವುದಿಲ್ಲ, ಮಕ್ಕಳ ಜೊತೆ ತಾನೂ ಕಲಿಯುತ್ತಾನೆ.' ಮಕ್ಕಳು ಮಿಸುಕಾಡದೆ ಕೇಳಿದರು. ಓದಿ ಮುಗಿಸಿ, ಹೇಗಿದೆ ಎಂದು ಕೇಳಿದೆ. ಭಾಗ್ಯಾ ಎದ್ದು ನಿಂತಳು.

"ಚಲೋ ಐತ್ರಿ ಸರ" ಎಂದಳು. "ಯಾವ ಊರಾಗ ಐತ್ರಿ ಈ ಶಾಲಿ?"

ಅವಳು ತಿಳಿಯದೆ ಕೇಳಿದಳೋ, ತಿಳಿದೇ ಕೇಳಿದಳೋ ನನಗೆ ಈಗಲೂ ಗೊತ್ತಿಲ್ಲ. ಮುಖದಲ್ಲಿ ನಗು ಇರಲಿಲ್ಲ. ನನ್ನ ಬಾಯಿಂದ, "ಮುಂಡರಗಿ ಕಡೆ ಬರ್ತೈತಿ" ಎಂಬ ಮಾತು ಬಂದೇಬಿಟ್ಟಿತು. "ಹಂಗಾರ ಈ ವರ್ಷ ಹಕ್ಕಿ ನೋಡಾಕ ಮಾಗಡಿ ಕೆರಿಗೆ ಟ್ರಿಪ್ ಬ್ಯಾಡ್ರಿ ಸರ, ಆ ಶಾಲಿ ನೋಡಾಕ ಹೋಗೂಣು. ಹಕ್ಕಿ ಮುಂದಿನ ವರ್ಷಾನೂ ಬರ್ತಾವು" ಎಂದಳು. ಇಡೀ ತರಗತಿ ಹೌದ್ರಿ ಸರ ಎಂದಿತು. ನೋಡೋಣ ಎಂದು ಹೇಳಿ ಪುಸ್ತಕವನ್ನು ಚೀಲಕ್ಕೆ ಹಾಕಿದೆ. ಆ ಸಂಜೆ ಬಸ್ಸಿನಲ್ಲಿ ಕೂತುಕೊಳ್ಳಲು ಜಾಗ ಸಿಕ್ಕರೂ ಸಮಾಧಾನವಾಗಲಿಲ್ಲ.

ಮಾರನೆಯ ದಿನ ಗಂಟೆ ಹೊಡೆದ ಕೂಡಲೇ ತರಗತಿಗೆ ಹೋದೆ. ಪುಣ್ಯಕ್ಕೆ ಮುತ್ತು ಬಂದಿದ್ದ. ಅವನ ಹೆಸರು ಕರೆದೆ. "ಎಸ್ ಸರ್" ಎಂದ. ನಾನು ಪೆನ್ನಿನ ಟೋಪಿ ಮುಚ್ಚಿ, "ಅಷ್ಟ ಏನಲೇ? ಶಬ್ದ ಎಲ್ಲೈತಿ?" ಎಂದು ಕೇಳಿದೆ. ಅವನು ನನ್ನನ್ನೂ, ಮೇಜಿನ ಮೇಲಿನ ನನ್ನ ಚೀಲವನ್ನೂ ನೋಡಿದ.

"ಮತ್ತೇನರ ಬರಿಯೋದು ಬಂದೈತೇನ್ರಿ ಸರ?" ಎಂದ.

ಛೇ, ಹಂಗೇನಿಲ್ಲೋ, ಸುಮ್ಮನ ಕೇಳಿದೆ, ಇನ್ನು ದಿನಾ ಹೀಗೇ ಎಂದು ಎಲ್ಲರೆದುರು ಮಾತು ಕೊಟ್ಟೆ. ಕೊಟ್ಟು ಇನ್ನೂ ವಾರ ಕಳೆದಿಲ್ಲ. ಅಷ್ಟರಲ್ಲಿ ಇದನ್ನು ಬರೆಯುತ್ತ ಕೂತಿದ್ದೇನೆ, ಮೊದಲ ತಾಸಿನಲ್ಲಿ.