ಕೋಡುಬಳೆ ಡಬ್ಬಿಯೊಂದಿಗೆ ತಂತ್ರಜ್ಞಾನ ಮೇಳಕ್ಕೆ

"ನವೆಂಬರ್, ಎರಡನೇ ಶನಿವಾರ. ವಾಶಿಗೆ ಹೋಗಿದ್ದೆವು. ಕಂಡದ್ದನ್ನು ಬರೆಯಲು ಒಂದು ಪುಟ ಸಾಲದು." ನನ್ನ ಹಳೆಯ ಡೈರಿಯಲ್ಲಿ ಹೀಗಿದೆ. ಮದುವೆಯಾಗಿ ಉಡುಪಿಯಿಂದ ಮುಂಬೈ ಪಕ್ಕದ ಡೊಂಬಿವಲಿಗೆ ಬಂದಂದಿನಿಂದ ಡೈರಿ ತಪ್ಪಿಸಿದವಳಲ್ಲ ನಾನು. ಸುಮ್ಮನೆ ಹೋದಲ್ಲೂ ನನ್ನೆದುರು ಏನಾದರೊಂದು ನಡೆಯುತ್ತದೆ. ಪಕ್ಕದ ಮನೆಯ ಧಾರವಾಡದಕ್ಕ ಜೊತೆಗಿದ್ದರೆ ಎರಡು ನಡೆಯುತ್ತವೆ.

ಕನ್ನಡ ಸಂಘದ ಕೋಣೆಯಲ್ಲಿ ನಾವಿಬ್ಬರೂ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತೇವೆ. ಆಗ ಬರುತ್ತಿದ್ದದ್ದು ಐದೇ ಮಕ್ಕಳು, ಅದರಲ್ಲಿ ಮೂವರು ನನ್ನ ಮೊಮ್ಮಕ್ಕಳು. ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ. ಸಂಘದ ಅಧ್ಯಕ್ಷರು ಕಡ್ಡಿ ಮುರಿದಂತೆ ಹೇಳಿದರು: "ಯುಗಾದಿವರೆಗೆ ನೋಡುವ ಮಾರಾಯ್ರೆ. ಆಮೇಲೆ ಆ ಕೋಣೆಗೆ ಕ್ಯಾರಂ ಬೋರ್ಡ್. ಅದಕ್ಕಾದರೆ ನಾಲ್ಕು ಜನ ಗ್ಯಾರಂಟಿ ಬರ್ತಾರೆ."

ನವಿ ಮುಂಬೈಯ ವಾಶಿಯಲ್ಲಿ ಶಿಕ್ಷಣ ತಂತ್ರಜ್ಞಾನದ ಮೇಳ ನಡೆಯುತ್ತಿದೆ ಎಂದು ಸೊಸೆ ಫೋನಿನಲ್ಲಿ ತೋರಿಸಿದಳು. ಮಕ್ಕಳನ್ನು ಎಳೆದು ತರುವಂಥದ್ದು ಅಲ್ಲಿ ಏನಾದರೂ ಸಿಕ್ಕೀತು ಎಂದು ಹೊರಟೆವು.

ಸಂಸ್ಥಾಪಕಿ

ಬಾಗಿಲಲ್ಲಿ ಕುತ್ತಿಗೆಗೆ ಕಾರ್ಡ್ ಹಾಕಿಸಿಕೊಳ್ಳಬೇಕು. "ಆಂಟಿ, ಡೆಸಿಗ್ನೇಶನ್?" ಅಂದಳು ಹುಡುಗಿ. ಪುಕ್ಕಟೆ ಕಲಿಸುವವರಿಗೆ ಎಂಥ ಡೆಸಿಗ್ನೇಶನ್?

"ಕ್ಲಾಸ್ ಶುರು ಮಾಡಿದವರು ಯಾರ್ರೀ? ನೀವ. ಫೌಂಡರ್ ಅಂತ ಬರಸ್ರಿ," ಅಂದರು ಧಾರವಾಡದಕ್ಕ. "ನನಗ ಕೋ-ಫೌಂಡರ್ ಸಾಕು."

ಕಾರ್ಡ್ ಕೈಗೆ ಬರುವಷ್ಟರಲ್ಲಿ ಆಂಟಿ ಹೋಗಿ ಮ್ಯಾಡಂ ಆಗಿತ್ತು. ಮೊದಲ ಮಳಿಗೆಯ ಮ್ಯಾನೇಜರ್ ಎದ್ದು ನಿಂತು ತನ್ನ ಕುರ್ಚಿಯನ್ನೇ ಕೊಟ್ಟ. "ಎಷ್ಟು ಕ್ಯಾಂಪಸ್, ಮ್ಯಾಡಂ?"

"ಒಂದು ಕೋಣೆ. ಅದೂ ಯುಗಾದಿವರೆಗೆ."

ಪಾಪ, ಕುರ್ಚಿ ವಾಪಸ್ ಕೇಳಲು ಅವನಿಗೆ ನಾಚಿಕೆಯಾಯಿತು.

ಹಳದಿ-ಕುಂಕು

ಮುಂದೆ ನಡೆದವಳು ಹಾಗೇ ನಿಂತುಬಿಟ್ಟೆ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಮನುಷ್ಯನ ಹೃದಯ ಬಡಿಯುತ್ತಿತ್ತು. ಹುಡುಗಿಯೊಬ್ಬಳು ಬೆರಳಿನಿಂದ ಅದನ್ನು ಕಿತ್ತಳೆಯಂತೆ ಬಿಡಿಸಿ ತೋರಿಸಿದಳು. ಬಿ.ಎಸ್ಸಿ.ಯಲ್ಲಿ ನಾನು ಕಂಡದ್ದು ಸೀಮೆಸುಣ್ಣದ ಹೃದಯ. ಅದು ಯಾವತ್ತೂ ಬಡಿದಿರಲಿಲ್ಲ.

ಕಣ್ಣು ಹಾಯಿಸಿದಷ್ಟೂ ಮಳಿಗೆಗಳು. "ಎಲ್ಲಿಂದ ಶುರು ಮಾಡುವುದು?" ಎಂದೆ.

"ಸಂಕ್ರಾಂತಿಗೆ ಅರಿಷಿಣ-ಕುಂಕುಮಕ್ಕ, ಇಲ್ಲಿಯವರ ಹಳದಿ-ಕುಂಕುಕ್ಕ, ಮನಿಮನಿಗೆ ಹೋಗೂದಿಲ್ಲೇನ್ರಿ? ಹಂಗ. ಒಂದು ಮನೀನೂ ಬಿಡಬಾರದು. ಕೂಡಬೇಕು, ಕೊಟ್ಟದ್ದು ತೊಗೋಬೇಕು, ಅವರನ್ನ ಬರಿಗೈಲೆ ಬಿಡಬಾರದು."

ಅವರು ಪೆನ್ನು, ಚೀಲ ಕೊಟ್ಟಲ್ಲೆಲ್ಲ ನಾವು ಮಧ್ಯಾಹ್ನಕ್ಕೆಂದು ತಂದ ಡಬ್ಬಿಯಿಂದ ಕೋಡುಬಳೆ ಕೊಟ್ಟೆವು. ಬೆಳಗಿನಿಂದ ನಿಂತೇ ಇದ್ದವರು, ಆಸೆಯಿಂದ ತಿಂದರು. ಉಳಿದವರಿಗೆ ಬರೀ ಕರಪತ್ರ. ನಮಗೆ ಪ್ರತಿ ಯಂತ್ರದ ಪೂರ್ತಿ ಕಥೆ. ಮೇಳದ ಪ್ರಯೋಜನ ಪಡೆಯಬೇಕೆನ್ನುವವರಿಗೆ ನನ್ನದೊಂದು ಸಲಹೆ: ಕೋಡುಬಳೆ ಸ್ವಲ್ಪ ಗಟ್ಟಿಯಾಗಿಯೇ ಇರಲಿ. ಬಾಯಿ ತುಂಬಿದ ಸೇಲ್ಸ್‌ಮನ್ ಮಾತ್ರ ನಿಮ್ಮ ಪ್ರಶ್ನೆಯನ್ನು ಕೊನೆಯವರೆಗೆ ಕೇಳುತ್ತಾನೆ.

ಶನಿ

ಒಂದು ಮಳಿಗೆಯಲ್ಲಿ ಕಣ್ಣಿಗೆ ದಪ್ಪ ಕನ್ನಡಕ ಕಟ್ಟಿ ಗ್ರಹಗಳ ನಡುವೆ ನಿಲ್ಲಿಸುತ್ತಿದ್ದರು. ಧಾರವಾಡದಕ್ಕ ಕಟ್ಟಿಕೊಂಡರು. ಸ್ವಲ್ಪ ಹೊತ್ತಿಗೆ ಕೈಮುಗಿದು, ಚಪ್ಪಲಿ ಕಳಚಿ, ಕೂಗಿದರು:

"ಅಕ್ಕಾರ, ಶನಿದೇವರ ಎದುರಿಗೇ ಬಂದು ನಿಂತೀನ್ರಿ! ಎಣ್ಣಿ ತಂದಿಲ್ಲಲಾ!"

ನಕ್ಕು ಸಾಕಾಗಿ ನಾನೂ ಕಟ್ಟಿಕೊಂಡೆ. ಕತ್ತಲಿನಲ್ಲಿ ಶನಿಯ ಬಳೆಗಳು ನನ್ನ ತಲೆಯ ಮೇಲೆಯೇ ಮೆಲ್ಲಗೆ ತಿರುಗಿದವು. ಬಿ.ಎಸ್ಸಿ. ಓದಿದವಳು ನಾನು. ಕನ್ನಡಕ ಬಿಚ್ಚಿ ನೋಡಿದರೆ ನನ್ನ ಚಪ್ಪಲಿಯೂ ಪಕ್ಕದಲ್ಲಿತ್ತು.

ನಲವತ್ತೊಂದು

ಕೊನೆಯಲ್ಲಿ ಸಿಕ್ಕಿತು ಮಾತನಾಡುವ ಹಲಗೆ. ಅದರೆದುರು ಕನ್ನಡದಲ್ಲಿ ನಾಲ್ಕು ಮಾತಾಡಿದರೆ ಉಚ್ಚಾರಕ್ಕೆ ಅಂಕ ಕೊಡುತ್ತದೆ. ಬೆಲೆ ಕೇಳಿದೆ. ಕೇಳಿ ಕುಳಿತುಕೊಂಡೆ. ಮಾರುತ್ತಿದ್ದವನು ಠಾಣೆ ಪಕ್ಕದ ಕಳವಾ ಎಂಬ ಊರಲ್ಲಿ ಬೆಳೆದ ಕನ್ನಡದ ಹುಡುಗ; ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿ. ಉಳಿದ ಕೋಡುಬಳೆಯನ್ನು ಡಬ್ಬಿ ಸಮೇತ ಅವನಿಗೇ ಕೊಟ್ಟೆವು. "ಆಂಟಿಜೀ, ಏಕ್ ಸಂಡೇ ಫ್ರೀ ಡೆಮೊ ಪಕ್ಕಾ," ಅಂದ.

ಅವನು ಮಾತು ಕೊಟ್ಟ ಭಾನುವಾರ ಹಲಗೆ ಟೆಂಪೊದಲ್ಲಿ ಬಂದಿಳಿಯಿತು. ಸುದ್ದಿ ಹಬ್ಬಿ ಮಕ್ಕಳು ಮೆಟ್ಟಿಲವರೆಗೆ ತುಂಬಿದರು. ಅಧ್ಯಕ್ಷರೂ ಬಂದರು. ನಾನು ಮಾತಾಡಿದೆ: ತೊಂಬತ್ತನಾಲ್ಕು. ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಧಾರವಾಡದಕ್ಕ ಸೆರಗು ಸರಿಮಾಡಿಕೊಂಡು, "ಬರ್ರಿ, ಕೂಡ್ರಿ, ಊಟ ಆತೇನ್ರಿ?" ಅಂದರು.

ಹಲಗೆ ಜೇನಿನಂಥ ದನಿಯಲ್ಲಿ ಹೇಳಿತು: "ನಲವತ್ತೊಂದು. ಇನ್ನಷ್ಟು ಅಭ್ಯಾಸ ಬೇಕು."

"ಹುಟ್ಟಿದಾಗಿಂದ ಇದನ್ನ ಮಾತಾಡ್ಲಿಕತ್ತೀನಿ! ಇನ್ನೆಷ್ಟು ಅಭ್ಯಾಸ ಮಾಡ್ಲೋ, ಖೋಡಿ?"

ನನ್ನ ಹಿರಿಯ ಮೊಮ್ಮಗ ಎದ್ದ. ಮರಾಠಿಯಲ್ಲಿ ಬೈದು ನೋಡಿದ, ಹಲಗೆ ಅಲ್ಲಾಡಲಿಲ್ಲ. ಕನ್ನಡದಲ್ಲೇ ಬೈಯಬೇಕಾಯಿತು. "ಏಯ್, ನಮ್ಮ ಧಾರವಾಡದ ಆಜಿಯನ್ನು ಪಾಸ್ ಮಾಡು!" ಅಜ್ಜಿ ಮಾತ್ರ ಇನ್ನೂ ಮರಾಠಿಯ ಆಜಿಯೇ. ಹಿಂದಿನಿಂದ ಇನ್ನೊಬ್ಬಳು, "ಅವರು ಸರಿ ಹೇಳಿದ್ದಾರೆ! ನೀನೇ ಫೇಲ್!" ಕೋಣೆಯ ಮಕ್ಕಳೆಲ್ಲ ಕನ್ನಡದಲ್ಲಿ ಕಿರುಚತೊಡಗಿದರು. ಹಲಗೆ ಶಾಂತವಾಗಿ ಪ್ರತಿ ಬೈಗುಳಕ್ಕೂ ಅಂಕ ಕೊಡುತ್ತಾ ಹೋಯಿತು: "ಎಪ್ಪತ್ತೆರಡು. ಚೆನ್ನಾಗಿದೆ."

ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಮೇಳದಲ್ಲಿ ಕಂಡ ಹೃದಯವೂ ಶನಿಯೂ ಇದರ ಮುಂದೆ ಏನೂ ಅಲ್ಲ.

ಸಂಜೆ ಹಲಗೆ ಹೋಯಿತು. ಮುಂದಿನ ವಾರ ಯಾರು ಬರುತ್ತಾರೆ ಎಂದುಕೊಂಡಿದ್ದರೆ ಕೋಣೆ ಮತ್ತೆ ಭರ್ತಿ. ಇವತ್ತು ಧಾರವಾಡದ ಆಜಿಯೇ ಹಲಗೆಯಾಗಬೇಕಂತೆ! ಅವರು ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತರು. ಒಬ್ಬೊಬ್ಬರೂ ಬಂದು ಮಾತಾಡಿದರು, ಅಂಕ ಪಡೆದರು. ಕೊನೆಗೆ ಅಧ್ಯಕ್ಷರೂ ಸಾಲಿನಲ್ಲಿ ಬಂದು, "ಎಂಥ ಮಾರಾಯ್ರೆ, ಊಟ ಆಯ್ತಾ?" ಅಂದರು.

"ನಲವತ್ತು. ಇನ್ನಷ್ಟು ಅಭ್ಯಾಸ ಬೇಕ್ರಿ."

ಅಧ್ಯಕ್ಷರು ಪೆಚ್ಚಾಗಿ ನನ್ನತ್ತ ತಿರುಗಿದರು. "ಮುಂದಿನ ವಾರ ಮತ್ತೆ ಪರೀಕ್ಷೆ ಉಂಟಲ್ಲ?"

ಯುಗಾದಿ ಕಳೆದಿದೆ. ಕ್ಯಾರಂ ಬೋರ್ಡ್ ಬಂದಿದೆ. ಗೋಡೆಗೆ ಒರಗಿಸಿ ಅದರ ಮೇಲೆ ಅಂಕ ಬರೆಯುತ್ತೇವೆ. ಇವತ್ತಿನವರೆಗೆ ಧಾರವಾಡದಕ್ಕ ಯಾರಿಗೂ ನಲವತ್ತೊಂದು ದಾಟಿಸಿಲ್ಲ.

ಒಟ್ಟು ತಗಲಿದ ಖರ್ಚು: ಇಬ್ಬರ ಲೋಕಲ್ ರೈಲಿನ ಹೋಗಿಬರುವ ಟಿಕೆಟ್, ಟೆಂಪೊದವನಿಗೆ ಒಂದು ಕಟಿಂಗ್ (ಅರ್ಧ ಲೋಟ) ಚಹಾ, ಕೋಡುಬಳೆಯ ಹಿಟ್ಟು, ಎಣ್ಣೆ. ಡಬ್ಬಿ ಇನ್ನೂ ಆ ಕಳವಾ ಹುಡುಗನ ಮನೆಯಲ್ಲೇ ಇದೆ.